ಮುಂದಿನ ಶುಕ್ರವಾರದವರೆಗೆ

ಸುಕೃಪಾ ಫೋನಿನ ಟಾರ್ಚು ಹಿಡಿದು ನಿಂತಿದ್ದಾಳೆ.
ನನ್ನ ಮುಷ್ಟಿಯಲ್ಲಿ ಆರು ವಾರದ ಬಡ್ಜಿ.
ಗದಗಿನ ಕಡೆ ಇದಕ್ಕೆ ಲವ್ ಬರ್ಡ್ಸ್ ಅಂತಾರೆ,
ಒಂದೇ ಇದ್ದರೂ ಬರ್ಡ್ಸ್.
ಹಣೆಯ ಗೆರೆಗಳು ಇನ್ನೂ ಕೊಕ್ಕಿನ ತನಕ ಇಳಿದಿವೆ,
ಕಣ್ಣು ಪೂರಾ ಕಪ್ಪು, ಉಂಗುರ ಮೂಡಿಲ್ಲ.
ಎದೆ ಬಡಿತ ಎಣಿಸಲು ಹೋಗಿ ಬಿಟ್ಟುಕೊಟ್ಟೆ,
ದಿನವಿಡೀ ಅದನ್ನೇ ಎಣಿಸುವವಳು ನಾನು.

"ಕೊಕ್ಕಿನ ಮೇಲೆ ಮೇಣದ ಥರ ಪಟ್ಟಿ ಇದೆಯಲ್ಲ,
ಅಲ್ಲಿ ನೋಡಮ್ಮ," ಮಗಳು ಪಾಠ ಹೇಳುತ್ತಾಳೆ.
ಪಟ್ಟಿಯೆಲ್ಲ ಒಂದೇ ಸಮ ಗುಲಾಬಿಯಾದರೆ ಗಂಡು.
ಹೊಳ್ಳೆಯ ಸುತ್ತ ಬಿಳಿ ಬಳೆಯಿದ್ದರೆ ಹೆಣ್ಣು.
ದೊಡ್ಡದಾದ ಮೇಲೆ ಗಂಡಿಗೆ ನೀಲಿ, ಹೆಣ್ಣಿಗೆ ಕಂದು,
ಈ ವಯಸ್ಸಿಗೆ ಮಾತ್ರ ಗುಲಾಬಿಯೇ ಗಂಡು.
ಸಾಲ್ಮಿಯಾದಲ್ಲಿ ನಮ್ಮ ಕ್ಲಿನಿಕ್ಕಿನ ಕೆಳಗೆ
ಬಲೂನು ಮಾರುವವನಿಗೆ ಯಾರಾದರೂ ಇದನ್ನು ಹೇಳಬೇಕು.

ಅಲ್ ರಾಯ್‌ನ ಶುಕ್ರವಾರದ ಸಂತೆ, ತಗಡಿನ ನೆರಳು,
ನೆರಳೂ ಸುಡುತ್ತಿತ್ತು.
ನಾಲ್ಕು ದಿನಾರು ಎಣಿಸಿಕೊಂಡ ಸಿಲ್ಹೆಟ್ಟಿನ ರುಕನ್:
"ವಲದ್, ಮೇಡಂ, ನೂರಕ್ಕೆ ನೂರು ವಲದ್.
ಮಾತು ಕಲಿಯುತ್ತದೆ, ಹೆಸರು ಹಿಡಿದು ಕರೆಯುತ್ತದೆ.
ಬಿಂತ್ ಆಗಿದ್ದರೆ ಬರುವ ಶುಕ್ರವಾರ ತನ್ನಿ,
ಬದಲಿ ಕೊಡುತ್ತೇನೆ."
ಮೊದಲು ಇಂಗ್ಲಿಷಿನಲ್ಲಿ ಹೇಳಿದ, ಆಮೇಲೆ ಅರಬ್ಬಿಯಲ್ಲಿ,
ಕೊನೆಗೆ ಬೆರಳು ತಿರುಗಿಸಿ ತೋರಿಸಿದ: ಬದಲಿ.

ಬೆಟಗೇರಿಯ ದವಾಖಾನೆಯಲ್ಲಿ ಹನ್ನೊಂದು ವರ್ಷ
ಗೋಡೆಯ ಫಲಕದ ಕೆಳಗೆ ಕುಳಿತವಳು ನಾನು:
ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ.
ಬಾಯಿ ಮುಚ್ಚುವುದು ಸುಲಭ.
ಮುಖ ಮುಚ್ಚಲು ಕಲಿಯಬೇಕು.
ಹುಬ್ಬು ಏರಬಾರದು, ಕೈ ತಡೆಯಬಾರದು,
ಜೆಲ್ ಒರೆಸುವಾಗ ಬಟ್ಟೆ ಒಂದು ಕ್ಷಣವೂ
ಹೆಚ್ಚು ಮೆತ್ತಗಾಗಬಾರದು.
ಅತ್ತೆಯೊಬ್ಬಳು ಬಾಗಿಲ ಬಳಿ ತಡೆದು ಕೇಳಿದ್ದಳು:
"ಅಷ್ಟs ಹೇಳವಾ, ಪೇಢೆ ತರಲೋ, ಜಿಲೇಬಿ ತರಲೋ?"
"ಉಪ್ಪಿಟ್ಟು ತರ್ರಿ," ಅಂದಿದ್ದೆ.

ಇಲ್ಲಿ ಅದೇ ಮೊದಲ ಪ್ರಶ್ನೆ, ತಪ್ಪೂ ಅಲ್ಲ.
ನನ್ನ ನಾಲಿಗೆ ಸಡಿಲಾಗಲು ಆರು ತಿಂಗಳು ಹಿಡಿಯಿತು.
ಬಿಂತ್ ಎನ್ನುತ್ತೇನೆ, ಕೆಲವರು ಉಲಿದು ನಗುತ್ತಾರೆ,
ಕೆಲವರು ಇನ್ನೊಮ್ಮೆ ನೋಡಿ ಎನ್ನುತ್ತಾರೆ,
ಪರದೆ ತಮ್ಮ ಮಾತು ಕೇಳುತ್ತದೆ ಎಂಬಂತೆ.

ಅರಬ್ಬಿಗೆ ಅವಸರ. ನೀನು ಎನ್ನಬೇಕಾದರೂ
ಗಂಡೋ ಹೆಣ್ಣೋ ಮೊದಲೇ ಗೊತ್ತಿರಬೇಕು.
ಕನ್ನಡ ಕಾಯುತ್ತದೆ.
ಮಗು ಅತ್ತಿತು, ಮಗು ಹಾಲು ಕುಡಿಯಿತು,
ನಡೆಯಿತು, ಬಿತ್ತು, ಮತ್ತೆ ಎದ್ದಿತು.
ಅಷ್ಟು ದೂರ ಯಾರೂ ಏನೂ ಕೇಳುವುದಿಲ್ಲ.
ಇದನ್ನು ಹೊಗಳಿ ಬರೆಯೋಣವೆಂದುಕೊಂಡಾಗಲೇ
ಅಪ್ಪನ ದನಿ ಕೇಳುತ್ತದೆ ಪಡಸಾಲೆಯಿಂದ:
"ಸಾಲಿಯಿಂದ ಬಂತೇನು ಅದು? ಉಂಡತೇನು?"
ಅದು ಅಂದರೆ ನಾನು. ಹದಿನಾರು ವರ್ಷದವಳು.
ನಮ್ಮ ಕಡೆ ಹೆಣ್ಣು ಅವಳಾಗುವುದು ಪುಸ್ತಕದಲ್ಲಿ.
ಪ್ರೀತಿಯಿಂದಲೇ ಅನ್ನುತ್ತಿದ್ದ, ನಿಜ.
ಪೇಟೆಯಿಂದ ನನಗೇ ಮೊದಲು ಚುರುಮುರಿ ತರುತ್ತಿದ್ದ.
ತಮ್ಮ ಮಾತ್ರ ತೊಟ್ಟಿಲಿಂದಲೇ ಅವನು.

"ಅಮ್ಮಾ, ಕೈ ನೋಯ್ತಿದೆ, ಬೇಗ ಹೇಳು."
ಟಾರ್ಚಿನ ಬೆಳಕು ಅಲುಗುತ್ತದೆ.
ಎರಡು ಹೊಳ್ಳೆ, ಸಾಸಿವೆಗಿಂತ ಚಿಕ್ಕವು,
ಎರಡರ ಸುತ್ತಲೂ ಸುಣ್ಣದಲ್ಲಿ ಬರೆದಂತೆ
ತೆಳ್ಳಗೆ, ಬಿಳಿ ಬಳೆ.

ಹನ್ನೊಂದು ವರ್ಷದ ಮುಖ ಮರಳಿ ಬಂತು.
ಹುಬ್ಬು ಅದರ ಜಾಗದಲ್ಲಿ, ತುಟಿ ಅದರ ಜಾಗದಲ್ಲಿ.
"ಈಗಲೇ ಗೊತ್ತಾಗೋದಿಲ್ಲ ಪುಟ್ಟಿ,
ಗರಿ ಉದುರಿ ಹೊಸದು ಬರಬೇಕು,
ಮೂರು ತಿಂಗಳಾದರೂ ಬೇಕು."
"ಅಷ್ಟರಲ್ಲಿ ಶುಕ್ರವಾರ..." ಎಂದವಳು
ಕ್ಯಾಲೆಂಡರಿನತ್ತ ನೋಡಿ, ಟಾರ್ಚು ಆರಿಸಿ,
"ಹೋಗ್ಲಿ, ಹೆಸರಾದರೂ ಇಡೋಣ," ಅಂದಳು.

ಮುಷ್ಟಿ ಬಿಚ್ಚಿದೆ.
ಅದು ಹಾರಲಿಲ್ಲ. ತಿರುಗಿ ನನ್ನನ್ನು ದಿಟ್ಟಿಸಿ
ಹೆಬ್ಬೆರಳಿಗೆ ಕಚ್ಚಿ ಹಿಡಿಯಿತು,
ರಕ್ತ ಬರುವ ಹಾಗೆ.
"ಅಯ್ಯೋ, ಬಿಡಮ್ಮಾ!" ಅಂದೆ ಹಕ್ಕಿಗೆ.

ಸುಕೃಪಾ ಕೇಳಿಸಿಕೊಂಡಳೋ ಏನೋ,
ಪ್ಲಾಸ್ಟರ್ ಹುಡುಕುತ್ತಿದ್ದಳು.